ವಾಹನ ತಂತ್ರಜ್ಞಾನದ ಶಿಕ್ಷಣ: ಕಾಲೇಜಿನ ಆಯ್ಕೆಯಲ್ಲಿ ಗಮನಿಸಬೇಕಾದ ಸಂಗತಿಗಳು

ದ್ವಿತೀಯ ಪಿ.ಯು.ಸಿ. ಹಾಗೂ ಸಿ.ಇ.ಟಿ. ಫಲಿತಾಂಶಗಳು ಪ್ರಕಟವಾಗುವ ದಿನಗಳಲ್ಲಿ ಹೊಸಪೇಟೆ, ಟಿ.ಬಿ. ಡ್ಯಾಂ, ಸಂಡೂರು ಮತ್ತು ಕಂಪ್ಲಿ ಭಾಗದ ಅನೇಕ ಉದ್ಯಮಿಗಳ ಮನೆಗಳಲ್ಲಿ ಒಂದೇ ಪ್ರಶ್ನೆ ಚರ್ಚೆಗೆ ಬರುತ್ತದೆ. ಲಾರಿ ಮಾಲೀಕರು, ಗ್ಯಾರೇಜು ನಡೆಸುವವರು, ಬಿಡಿಭಾಗಗಳ ಅಂಗಡಿಯವರು, ಲೇತ್ ಮತ್ತು ವೆಲ್ಡಿಂಗ್ ಘಟಕಗಳ ಒಡೆಯರು ತಮ್ಮ ಮಕ್ಕಳನ್ನು ವಾಹನ ತಂತ್ರಜ್ಞಾನದ ಓದಿಗೆ ಕಳುಹಿಸಲು ಬಯಸುವುದು ಸಹಜವೇ ಆಗಿದೆ. ಮನೆಯ ಅನ್ನ ವಾಹನದಿಂದ ಬಂದದ್ದು. ಮಕ್ಕಳ ವಿದ್ಯೆಯೂ ಅದೇ ದಿಕ್ಕಿನಲ್ಲಿ ಸಾಗಲಿ ಎಂಬುದು ಹಿರಿಯರ ಆಸೆ.

ಆದರೆ ಅಂಗಡಿಗೆ ಒಂದು ಲೇತ್ ಕೊಳ್ಳಬೇಕಾದಾಗ ಮೂರು ಕಡೆಯಿಂದ ದರಪಟ್ಟಿ ತರಿಸಿ, ಯಂತ್ರವನ್ನು ಓಡಿಸಿ ನೋಡಿ, ಹಳೆಯ ಗಿರಾಕಿಗಳನ್ನು ವಿಚಾರಿಸಿ ಮುಂಗಡ ಕೊಡುವ ಅದೇ ಉದ್ಯಮಿ, ಆ ಲೇತಿಗಿಂತ ಹೆಚ್ಚು ಬೆಲೆಯ ಇಂಜಿನಿಯರಿಂಗ್ ಸೀಟನ್ನು ಜಾಹೀರಾತು ನೋಡಿಯೋ, ನೆಂಟರ ಮಾತು ಕೇಳಿಯೋ ಒಂದೇ ವಾರದಲ್ಲಿ ನಿರ್ಧರಿಸುವುದುಂಟು. ಯಂತ್ರ ಸರಿಯಿಲ್ಲದಿದ್ದರೆ ಮಾರಬಹುದು. ಮಗನ ಅಥವಾ ಮಗಳ ನಾಲ್ಕು ವರ್ಷಗಳನ್ನು ಮರಳಿ ಪಡೆಯಲು ಸಾಧ್ಯವಿಲ್ಲ. ಈ ನಿರ್ಧಾರವನ್ನು ವ್ಯವಹಾರದ ಎಚ್ಚರದಿಂದಲೇ ತೆಗೆದುಕೊಳ್ಳುವುದು ಹೇಗೆಂಬುದು ಪ್ರಸ್ತುತ ಲೇಖನದ ವಿಷಯ.

ಒಂದು ಮಾತನ್ನು ಆರಂಭದಲ್ಲಿಯೇ ಹೇಳುವುದು ಸೂಕ್ತ. ಪದವಿಪತ್ರದ ಮೇಲೆ ಅಚ್ಚಾಗುವ ಶಾಖೆಯ ಹೆಸರು ಹೆಚ್ಚು ಮುಖ್ಯವಲ್ಲ. ವಿದ್ಯಾರ್ಥಿ ಯಾವ ಮೂಲವಿಷಯಗಳನ್ನು ಗಟ್ಟಿಯಾಗಿ ಕಲಿತ, ಯಾವ ಯಂತ್ರದ ಮುಂದೆ ಎಷ್ಟು ಹೊತ್ತು ನಿಂತು ಕೆಲಸ ಮಾಡಿದ, ಎಷ್ಟು ಸಾಲದ ಹೊರೆಯೊಂದಿಗೆ ಕಾಲೇಜಿನಿಂದ ಹೊರಬಂದ ಎಂಬ ಮೂರು ಸಂಗತಿಗಳೇ ಅವನ ಮುಂದಿನ ವೃತ್ತಿಜೀವನವನ್ನು ನಿರ್ಧರಿಸುತ್ತವೆ.

ವಾಹನೋದ್ಯಮ ದೂರದಲ್ಲಿಲ್ಲ

ವಾಹನೋದ್ಯಮವೆಂದರೆ ಚೆನ್ನೈ, ಪುಣೆ, ಬಿಡದಿ ಎಂಬ ಭಾವನೆ ಸಾಮಾನ್ಯವಾಗಿದೆ. ಜೋಡಣೆಯಾದ ಗಾಡಿ ಹೊರಬರುವುದು ಅಲ್ಲಿಂದಲೇ ಎಂಬುದು ನಿಜ. ಆದರೆ ಗಾಡಿಯ ಹುಟ್ಟು ಜೋಡಣೆಯ ಸಾಲಿನಲ್ಲಿ ಆಗುವುದಿಲ್ಲ. ಕಬ್ಬಿಣ ಕರಗುವಲ್ಲಿ ಆಗುತ್ತದೆ. ಆ ದೃಷ್ಟಿಯಿಂದ ನೋಡಿದರೆ ತುಂಗಭದ್ರೆಯ ಎರಡೂ ದಂಡೆಗಳು ವಾಹನೋದ್ಯಮದ ಭಾಗವೇ ಆಗಿವೆ.

ನದಿಯಾಚೆ ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ಬೀಡುಕಬ್ಬಿಣದ ಜೊತೆಗೆ ಟ್ರ್ಯಾಕ್ಟರ್ ಹಾಗೂ ವಾಹನಗಳ ಎಂಜಿನ್ನಿಗೆ ಬೇಕಾದ ಸಿಲಿಂಡರ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್‌ಗಳನ್ನು ಎರಕ ಹೊಯ್ಯುತ್ತದೆ. ಅದೇ ಜಿಲ್ಲೆಯ ಗಿಣಿಗೇರಾದಲ್ಲಿ ಕಲ್ಯಾಣಿ ಸ್ಟೀಲ್ಸ್ ಮತ್ತು ಮುಕುಂದ್ ಸಂಸ್ಥೆಗಳು ಸೇರಿ ಸ್ಥಾಪಿಸಿದ ಹೊಸಪೇಟ್ ಸ್ಟೀಲ್ಸ್ ಘಟಕದಲ್ಲಿ ಮಿಶ್ರಲೋಹದ ಉಕ್ಕು ತಯಾರಾಗುತ್ತದೆ. ಕ್ರ್ಯಾಂಕ್‌ಶಾಫ್ಟ್, ಆಕ್ಸಲ್, ಗೇರುಗಳಂಥ ಬಡಿದು ರೂಪಿಸುವ ಭಾಗಗಳಿಗೆ ಬೇಕಾಗುವುದು ಇಂಥ ಉಕ್ಕೇ. ತೋರಣಗಲ್ಲಿನ ಜೆ.ಎಸ್.ಡಬ್ಲ್ಯು. ಕಾರ್ಖಾನೆ ಜಪಾನಿನ ಜೆ.ಎಫ್.ಇ. ಸಂಸ್ಥೆಯ ತಾಂತ್ರಿಕ ಸಹಯೋಗದೊಂದಿಗೆ ಕಾರಿನ ಹೊರಮೈಗೆ ಬೇಕಾದ ತೆಳು ಉಕ್ಕಿನ ಹಾಳೆಗಳನ್ನು ತಯಾರಿಸುತ್ತದೆ. ಸಂಡೂರಿನ ಗಣಿಗಳಲ್ಲಿ ದುಡಿಯುವ ಡಂಪರು ಮತ್ತು ಎಕ್ಸ್‌ಕವೇಟರುಗಳ ತಯಾರಿಕೆಯೂ ರಾಜ್ಯದೊಳಗೇ ನಡೆಯುತ್ತದೆ: ಬಿ.ಇ.ಎಂ.ಎಲ್. ಸಂಸ್ಥೆಯ ಘಟಕ ಮೈಸೂರಿನಲ್ಲಿ, ಟಾಟಾ ಹಿಟಾಚಿಯ ಘಟಕ ಧಾರವಾಡದಲ್ಲಿ ಇವೆ.

ಕಂಪ್ಲಿಯ ಗದ್ದೆಯಲ್ಲಿ ಉಳುವ ಟ್ರ್ಯಾಕ್ಟರಿನ ಎಂಜಿನ್ ಬ್ಲಾಕನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಎರಕದ ಕಬ್ಬಿಣದೊಳಗಿನ ಗ್ರಾಫೈಟ್ ಪದರಗಳು ಎಂಜಿನ್ನಿನ ಕಂಪನವನ್ನು ಹೀರಿಕೊಳ್ಳುತ್ತವೆ. ಆದ್ದರಿಂದಲೇ ಭಾರಿ ಎಂಜಿನ್ನುಗಳಿಗೆ ಇಂದಿಗೂ ಈ ಲೋಹ ಬೇಕು. ಬ್ಲಾಕಿನೊಳಗೆ ನೀರು ಹರಿಯುವ ಪೊಳ್ಳು ಜಾಗಗಳು ಮರಳಿನ ಅಚ್ಚುಗಳಿಂದ ಆಗುತ್ತವೆ. ಆ ಅಚ್ಚು ಸ್ವಲ್ಪ ಜರುಗಿದರೂ ಒಂದು ಕಡೆಯ ಗೋಡೆ ತೆಳುವಾಗಿ, ಬ್ಲಾಕು ಒಡೆಯುವ ಸಂಭವವಿರುತ್ತದೆ. ಅದನ್ನು ತಡೆಯುವವನು ಲೋಹವಿಜ್ಞಾನ ಓದಿದವನು, ಅಥವಾ ಮೆಕ್ಯಾನಿಕಲ್ ಓದಿ ಎರಕದ ಮನೆಯಲ್ಲಿ ಪಳಗಿದವನು. ಅವನ ಪದವಿಪತ್ರದಲ್ಲಿ 'ಆಟೊಮೊಬೈಲ್' ಎಂಬ ಶಬ್ದವೇ ಇರಲಿಕ್ಕಿಲ್ಲ. ಆದರೂ ಅವನು ವಾಹನೋದ್ಯಮದ ಇಂಜಿನಿಯರನೇ.

ಈ ಭಾಗದ ಎರಡು ಪಾಠಗಳು

ಒಂದೇ ಆಸರೆಯನ್ನು ನಂಬಿದ ವೃತ್ತಿ ಎಷ್ಟು ಅಪಾಯಕರ ಎಂಬುದನ್ನು ಈ ಪ್ರದೇಶಕ್ಕೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣ ಅದಿರಿನ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದಾಗ, ಅದಿರು ಸಾಗಿಸಲೆಂದೇ ಸಾಲ ಮಾಡಿ ಕೊಂಡ ಲಾರಿಗಳು ರಸ್ತೆ ಬದಿಯಲ್ಲಿ ನಿಂತವು. ಅವುಗಳ ಜೊತೆಗೆ ಟೈರು, ಬ್ಯಾಟರಿ, ಗ್ಯಾರೇಜು, ಬಿಡಿಭಾಗಗಳ ವ್ಯಾಪಾರವೂ ನಿಂತಿತು. ಲಾರಿಯನ್ನು ಬೇರೆ ಸರಕಿಗೆ ಹೊಂದಿಸಿಕೊಂಡವರು ಉಳಿದರು. ಅದಿರಿಗೆ ಮಾತ್ರ ಸಲ್ಲುವ ವ್ಯವಸ್ಥೆ ಮಾಡಿಕೊಂಡವರು ಬಹಳ ಕಷ್ಟಪಟ್ಟರು.

ಎರಡನೆಯದು ಟಿ.ಬಿ. ಡ್ಯಾಂನಲ್ಲಿಯೇ ಇದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯ ಕಥೆ. ಜಲಾಶಯಗಳಿಗೆ ಗೇಟುಗಳನ್ನೂ ಭಾರ ಎತ್ತುವ ಕ್ರೇನುಗಳನ್ನೂ ತಯಾರಿಸಿದ ಆ ಸಾರ್ವಜನಿಕ ಉದ್ದಿಮೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2015ರ ಡಿಸೆಂಬರಿನಲ್ಲಿ ಒಪ್ಪಿಗೆ ನೀಡಿತು. ಕಾರ್ಖಾನೆ ಮುಚ್ಚಿದರೂ ಆ ವಿದ್ಯೆಯ ಅಗತ್ಯ ಮುಗಿಯಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಸುತ್ತಲಿನ ಕಾರ್ಖಾನೆಗಳಲ್ಲಿ ಸಿದ್ಧಪಡಿಸಿದ ಉಕ್ಕಿನ ಭಾಗಗಳನ್ನು ಹರಿಯುವ ನೀರಿನಲ್ಲೇ ಇಳಿಸಿ ಒಂದು ವಾರದೊಳಗೆ ತಾತ್ಕಾಲಿಕ ಗೇಟು ನಿಲ್ಲಿಸಲಾಯಿತು.

ವಿದ್ಯೆಯ ಆಯ್ಕೆಗೂ ಈ ಎರಡು ಘಟನೆಗಳು ಅನ್ವಯಿಸುತ್ತವೆ. ಒಂದು ಬಗೆಯ ಸರಕನ್ನೋ ಒಂದು ಕಾರ್ಖಾನೆಯನ್ನೋ ನಂಬಿದ ವೃತ್ತಿ ಅದರೊಂದಿಗೇ ನಿಲ್ಲುತ್ತದೆ. ಲೋಹ, ಭಾರ, ಬೆಸುಗೆ, ಚಲನೆ ಇವುಗಳ ಮೂಲ ತಿಳಿದವನ ವಿದ್ಯೆ ಇನ್ನೊಂದು ಕಡೆಗೆ ಸಲ್ಲುತ್ತದೆ.

ಬದಲಾದ ವಾಹನ

ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುವ ಮೆಕ್ಯಾನಿಕ್‌ಗಳು ಹೊಸಪೇಟೆಯಲ್ಲಿ ಇಂದಿಗೂ ಇದ್ದಾರೆ. ಆದರೆ 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿ.ಎಸ್.-6 ಮಾನದಂಡದ ನಂತರ ಲಾರಿಯ ಸ್ವರೂಪವೇ ಬದಲಾಗಿದೆ. ಹೊಗೆಯೊಳಗಿನ ಮಸಿಯನ್ನು ಹಿಡಿಯುವ ಫಿಲ್ಟರು, ಯೂರಿಯಾ ದ್ರಾವಣ ಸಿಂಪಡಿಸಿ ಸಾರಜನಕದ ಆಕ್ಸೈಡುಗಳನ್ನು ತಗ್ಗಿಸುವ ವ್ಯವಸ್ಥೆ, ಇವೆರಡನ್ನೂ ಕಾಯುವ ಸೆನ್ಸರುಗಳು, ದೋಷವನ್ನು ಸಂಕೇತಾಕ್ಷರಗಳಲ್ಲಿ ತಿಳಿಸುವ ಗಣಕ ಇವೆಲ್ಲವೂ ಇಂದಿನ ಲಾರಿಯಲ್ಲಿವೆ. ಸ್ಕ್ಯಾನರ್ ಇಲ್ಲದ ಗ್ಯಾರೇಜು ಇಂಥ ಗಾಡಿಯನ್ನು ಮುಟ್ಟುವುದೇ ಕಷ್ಟ.

ವಿದ್ಯುತ್ ವಾಹನಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿವೆ. ಅಲ್ಲಿ ಎಂಜಿನ್ ಬ್ಲಾಕು, ಕ್ಲಚ್ಚು, ಸೈಲೆನ್ಸರುಗಳಿಲ್ಲ. ಮೋಟಾರು, ಬ್ಯಾಟರಿ ಮತ್ತು ನಿಯಂತ್ರಕಗಳೇ ಪ್ರಧಾನ. ಹಾಗೆಂದು ಯಾಂತ್ರಿಕ ವಿದ್ಯೆ ನಿರುಪಯುಕ್ತವಾಯಿತೆಂದು ತಿಳಿಯಬಾರದು. ಚಾಸಿ, ಬ್ರೇಕು, ಸಸ್ಪೆನ್ಷನ್, ಚುಕ್ಕಾಣಿ, ಬಾಡಿ ಇವು ಯಾವ ವಾಹನಕ್ಕೂ ಬೇಕು. ಬ್ಯಾಟರಿಯ ಭಾರವನ್ನು ಹೊರುವುದು, ಅದರ ಶಾಖವನ್ನು ಹೊರಹಾಕುವುದು ಇವೂ ಯಾಂತ್ರಿಕ ಇಂಜಿನಿಯರನ ಕೆಲಸಗಳೇ. ಮುಂದಿನ ದಿನಗಳಲ್ಲಿ ವಾಹನ ಇಂಜಿನಿಯರನೆಂದರೆ ಯಂತ್ರವನ್ನೂ ವಿದ್ಯುತ್ತನ್ನೂ ಜೊತೆಯಾಗಿ ಓದಬಲ್ಲವನು ಎಂದೇ ಅರ್ಥ.

ಶಾಖೆಯ ಆಯ್ಕೆ

ರಾಜ್ಯದಲ್ಲಿ ಆಟೊಮೊಬೈಲ್ ಇಂಜಿನಿಯರಿಂಗ್ ಪದವಿ ಶಾಖೆಯನ್ನು ನಡೆಸಿದ ಕಾಲೇಜುಗಳು ಬೆರಳೆಣಿಕೆಯಷ್ಟು. 1960ರಲ್ಲಿ ಸ್ಥಾಪನೆಯಾದ ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಮತ್ತು 1962ರಲ್ಲಿ ಸ್ಥಾಪನೆಯಾದ ಮಂಡ್ಯದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಈ ಶಾಖೆಗೆ ಹೆಸರಾದವು. ಹೊರರಾಜ್ಯದಲ್ಲಿ ಚೆನ್ನೈನ ಕ್ರೋಂಪೇಟೆಯಲ್ಲಿರುವ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಂತೂ 1949ರಲ್ಲಿ ಆರಂಭವಾದಾಗಲೇ ಈ ವಿಷಯವನ್ನು ಕೈಗೆತ್ತಿಕೊಂಡಿತ್ತು. ಬೇಡಿಕೆಗೆ ಅನುಗುಣವಾಗಿ ಶಾಖೆಗಳು ತೆರೆಯುವುದೂ ಮುಚ್ಚುವುದೂ ಉಂಟಾದ್ದರಿಂದ, ಆಯಾ ವರ್ಷ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವ ಸೀಟುಗಳ ಪಟ್ಟಿಯನ್ನೇ ಆಧಾರವಾಗಿ ಇಟ್ಟುಕೊಳ್ಳತಕ್ಕದ್ದು.

ಈ ಶಾಖೆ ಸಿಗದಿದ್ದರೆ ನಿರಾಶರಾಗಲು ಕಾರಣವಿಲ್ಲ. ಆಟೊಮೊಬೈಲ್ ಮತ್ತು ಮೆಕ್ಯಾನಿಕಲ್ ಶಾಖೆಗಳ ಮೊದಲ ವರ್ಷಗಳ ಪಾಠಗಳಲ್ಲಿ ಬಹುಪಾಲು ಒಂದೇ: ಗಣಿತ, ಬಲವಿಜ್ಞಾನ, ವಸ್ತುಗಳ ದೃಢತೆ, ಉಷ್ಣಗತಿಶಾಸ್ತ್ರ, ಯಂತ್ರ ವಿನ್ಯಾಸ, ಉತ್ಪಾದನಾ ವಿಧಾನ. ಮೆಕ್ಯಾನಿಕಲ್ ಓದಿದವನಿಗೆ ವಾಹನೋದ್ಯಮದ ಬಾಗಿಲು ತೆರೆದೇ ಇರುತ್ತದೆ; ಜೊತೆಗೆ ಉಕ್ಕು, ಸಿಮೆಂಟು, ವಿದ್ಯುದಾಗಾರ, ಗಣಿಯಂತ್ರಗಳ ಬಾಗಿಲುಗಳೂ ತೆರೆದಿರುತ್ತವೆ. ಬೇವಿನಹಳ್ಳಿ, ಗಿಣಿಗೇರಾ, ತೋರಣಗಲ್ಲುಗಳ ನೆರೆಯವರಿಗೆ ಲೋಹವಿಜ್ಞಾನವೂ ಉತ್ತಮ ಆಯ್ಕೆ, ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಲ್ಲಿ ಈ ವಿಭಾಗವಿದೆ. ವಿದ್ಯುತ್ ವಾಹನಗಳತ್ತ ಒಲವಿರುವ ವಿದ್ಯಾರ್ಥಿಗೆ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಶಾಖೆ ಸೂಕ್ತ. ಬೆಂಗಳೂರಿನಲ್ಲಿರುವ ಬಾಷ್, ಮರ್ಸಿಡಿಸ್ ಬೆಂಜ್ ಮೊದಲಾದ ಸಂಸ್ಥೆಗಳ ಸಂಶೋಧನಾ ಕೇಂದ್ರಗಳಲ್ಲಿ ವಾಹನಗಳ ತಂತ್ರಾಂಶ ಮತ್ತು ನಿಯಂತ್ರಣ ವ್ಯವಸ್ಥೆಗಳ ಕೆಲಸವೂ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ.

ಹದಿನೆಂಟರ ವಯಸ್ಸಿನಲ್ಲಿ ಬಾಗಿಲುಗಳನ್ನು ಕಡಿಮೆ ಮಾಡಿಕೊಳ್ಳುವುದಕ್ಕಿಂತ, ಪದವಿಯಲ್ಲಿ ವಿಶಾಲವಾದ ಶಾಖೆಯನ್ನು ಓದಿ ಸ್ನಾತಕೋತ್ತರದಲ್ಲಿ ವಾಹನ ವಿಷಯವನ್ನು ಆರಿಸಿಕೊಳ್ಳುವುದು ಹೆಚ್ಚಿನವರಿಗೆ ಸುರಕ್ಷಿತ ದಾರಿ. ಬಾಲ್ಯದಿಂದ ಗ್ಯಾರೇಜಿನಲ್ಲೇ ಬೆಳೆದು, ಇದೇ ತನ್ನ ಕ್ಷೇತ್ರವೆಂದು ಖಚಿತವಾಗಿ ತಿಳಿದ ವಿದ್ಯಾರ್ಥಿಯ ವಿಷಯ ಬೇರೆ. ಅಂಥವರು ಆಟೊಮೊಬೈಲ್ ಶಾಖೆಯನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು.

ಪ್ರವೇಶದ ಮಾರ್ಗಗಳು

ಸಿ.ಇ.ಟಿ. ಮಾರ್ಗದಲ್ಲಿ ದ್ವಿತೀಯ ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಅಂಕಗಳಿಗೆ ಅರ್ಧ, ಪ್ರವೇಶ ಪರೀಕ್ಷೆಯ ಅಂಕಗಳಿಗೆ ಅರ್ಧ ಮಹತ್ವ ನೀಡಿ ರ್‍ಯಾಂಕ್ ನಿಗದಿಪಡಿಸಲಾಗುತ್ತದೆ. ಖಾಸಗಿ ಕಾಲೇಜುಗಳ ಮತ್ತೊಂದು ಪಾಲಿನ ಸೀಟುಗಳು ಕಾಮೆಡ್-ಕೆ ಪರೀಕ್ಷೆಯ ಮೂಲಕವೂ, ಐ.ಐ.ಟಿ. ಮತ್ತು ಎನ್.ಐ.ಟಿ.ಗಳ ಸೀಟುಗಳು ಜೆ.ಇ.ಇ. ಮೂಲಕವೂ ತುಂಬುತ್ತವೆ.

ಈ ಭಾಗದ ಪೋಷಕರು ಮರೆಯಬಾರದ ಸೌಲಭ್ಯವೊಂದಿದೆ. ಸಂವಿಧಾನದ 371(ಜೆ) ಅನುಚ್ಛೇದದ ಅನ್ವಯ 2013ರಲ್ಲಿ ಹೊರಡಿಸಿದ ಆದೇಶದಂತೆ, ಕಲ್ಯಾಣ ಕರ್ನಾಟಕ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಲಭ್ಯವಿರುವ ಸೀಟುಗಳ ಪೈಕಿ ಶೇ. 70ರಷ್ಟು ಸ್ಥಳೀಯರಿಗೆ ಮೀಸಲು. ರಾಜ್ಯದ ಇತರ ಭಾಗದ ಸಂಸ್ಥೆಗಳಲ್ಲಿ ಶೇ. 8ರಷ್ಟು ಮೀಸಲು. ಬಳ್ಳಾರಿ, ವಿಜಯನಗರ, ಕೊಪ್ಪಳ ಜಿಲ್ಲೆಗಳು ಈ ಪ್ರದೇಶಕ್ಕೆ ಸೇರಿವೆ. ಬೆಂಗಳೂರು ಅಥವಾ ಮೈಸೂರಿನ ಉತ್ತಮ ಕಾಲೇಜನ್ನು ಬಯಸುವ ವಿದ್ಯಾರ್ಥಿಗೆ ಈ ಶೇ. 8ರ ಪಾಲು ಬಹಳ ಉಪಯುಕ್ತ. ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಪರೀಕ್ಷೆಗೆ ಮೊದಲೇ ಸಿದ್ಧವಾಗಿ ಇಟ್ಟುಕೊಳ್ಳುವುದು ಜಾಣತನ. ಕೊನೆಯ ಗಳಿಗೆಯಲ್ಲಿ ಕಾಗದ ಇಲ್ಲವೆಂಬ ಒಂದೇ ಕಾರಣಕ್ಕೆ ಅವಕಾಶ ತಪ್ಪಬಾರದು.

ಮನೆಯ ಸಮೀಪದ ಸಂಸ್ಥೆಗಳನ್ನು ಹಗುರವಾಗಿ ಕಾಣುವುದೂ ಸರಿಯಲ್ಲ. 1997ರಲ್ಲಿ ಆರಂಭವಾದ ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯ, 1980ರಲ್ಲಿ ವಿಜಯನಗರ ಇಂಜಿನಿಯರಿಂಗ್ ಕಾಲೇಜೆಂಬ ಹೆಸರಿನಲ್ಲಿ ಆರಂಭವಾದ ಬಳ್ಳಾರಿಯ ರಾವ್ ಬಹಾದ್ದೂರ್ ವೈ. ಮಹಾಬಲೇಶ್ವರಪ್ಪ ಕಾಲೇಜು, ಹೂವಿನಹಡಗಲಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇವು 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯವು. ಇದೇ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಭಾರತದಲ್ಲಿಯೇ ಮೋಟಾರು ಕಾರ್ಖಾನೆ ಆಗಬೇಕೆಂದು ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದ್ದರು ಎಂಬುದು ಇಲ್ಲಿ ಸ್ಮರಣೀಯ. ಮನೆಯಿಂದ ಓಡಾಡಿ ಓದುವ ವಿದ್ಯಾರ್ಥಿಗೆ ಹಾಸ್ಟೆಲ್ ಖರ್ಚು ಉಳಿಯುತ್ತದೆ. ಸಂಜೆ ಮನೆಯ ವರ್ಕ್‌ಶಾಪಿನಲ್ಲಿ ಕೈಕೆಲಸವೂ ಸಿಗುತ್ತದೆ.

ಡಿಪ್ಲೊಮಾ ಮಾರ್ಗ

ಎಸ್.ಎಸ್.ಎಲ್.ಸಿ. ನಂತರ ನೇರವಾಗಿ ತಾಂತ್ರಿಕ ವಿದ್ಯೆಗೆ ಹೋಗುವುದು ಎರಡನೆಯ ದರ್ಜೆಯ ದಾರಿಯೆಂಬ ತಪ್ಪು ಕಲ್ಪನೆ ಬೇರೂರಿದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿ.ಟಿ.ಟಿ.ಸಿ., ಹೊಸಪೇಟೆಯಲ್ಲಿಯೂ ತನ್ನ ಕೇಂದ್ರವನ್ನು ಹೊಂದಿದೆ. ಅಲ್ಲಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷಗಳ ಓದಿನ ನಂತರ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ ಇರುತ್ತದೆ. ಕಾರಿನ ಬಾಗಿಲಿನಿಂದ ಹಿಡಿದು ಡ್ಯಾಷ್‌ಬೋರ್ಡಿನವರೆಗೆ ಪ್ರತಿಯೊಂದು ಭಾಗಕ್ಕೂ ಮೊದಲು ಅಚ್ಚು ಬೇಕು. ಆ ಅಚ್ಚು ತಯಾರಿಸುವವರಿಗೆ ಕೆಲಸದ ಕೊರತೆ ಇರುವುದಿಲ್ಲ.

ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ 2007ರಲ್ಲಿ ಆರಂಭಿಸಿದ ತಾಂತ್ರಿಕ ತರಬೇತಿ ಸಂಸ್ಥೆ, ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ಬಡ ಕುಟುಂಬಗಳ ಮಕ್ಕಳಿಗೆ ವಸತಿಸಹಿತ ತರಬೇತಿ ನೀಡುತ್ತ ಬಂದಿದೆ. ಮೆಕ್ಯಾನಿಕಲ್ ಅಥವಾ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಮೂಲಕ ಬಿ.ಇ. ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಪಡೆಯಬಹುದು. ಪಿ.ಯು.ಸಿ.ಯಲ್ಲಿ ಗಣಿತ ಕಠಿಣವೆನಿಸುವ, ಆದರೆ ಕೈಚಳಕ ಚೆನ್ನಾಗಿರುವ ವಿದ್ಯಾರ್ಥಿಗೆ ಈ ಮಾರ್ಗದಲ್ಲಿ ಎರಡೂ ದಕ್ಕುತ್ತವೆ. ಹೆಣ್ಣುಮಕ್ಕಳಿಗೆ ಈ ಕ್ಷೇತ್ರ ಒಗ್ಗದೆಂಬ ಮಾತಿಗೂ ಈಗ ಆಧಾರವಿಲ್ಲ. ವಿನ್ಯಾಸ, ಗುಣಮಟ್ಟ ಪರೀಕ್ಷೆ, ಬ್ಯಾಟರಿ ಜೋಡಣೆ, ನಿಯಂತ್ರಣ ತಂತ್ರಾಂಶ ಇವುಗಳಲ್ಲಿ ತೋಳ್ಬಲದ ಪ್ರಶ್ನೆಯೇ ಬರುವುದಿಲ್ಲ.

ಕಾಲೇಜಿಗೆ ಭೇಟಿ ನೀಡಿದಾಗ

ಪ್ರವೇಶಕ್ಕೆ ಮೊದಲು ಪೋಷಕರು ಒಂದು ದಿನವನ್ನು ಮೀಸಲಿಟ್ಟು ಕಾಲೇಜಿಗೆ ಭೇಟಿ ನೀಡುವುದು ಅವಶ್ಯ. ಸ್ವಾಗತ ಕೊಠಡಿಯ ಸೋಫಾಕ್ಕಿಂತ ವರ್ಕ್‌ಶಾಪಿನ ನೆಲ ಹೆಚ್ಚಿನ ಸತ್ಯವನ್ನು ಹೇಳುತ್ತದೆ. ಗಮನಿಸಬೇಕಾದ ಅಂಶಗಳು ಹೀಗಿವೆ:

1. ಮಾನ್ಯತೆ: ಕಾಲೇಜಿಗೆ ಎ.ಐ.ಸಿ.ಟಿ.ಇ. ಅನುಮತಿ ಇದೆಯೇ? ಬಯಸಿದ ಶಾಖೆಗೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ, ಅಂದರೆ ಎನ್.ಬಿ.ಎ.ಯ, ಮಾನ್ಯತೆ ಜಾರಿಯಲ್ಲಿದೆಯೇ? ಎನ್.ಬಿ.ಎ. ಮಾನ್ಯತೆ ಕಾಲೇಜಿಗಲ್ಲ, ಶಾಖೆಗೆ ದೊರೆಯುವಂಥದು. 2014ರಲ್ಲಿ ಭಾರತವು ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆದ ನಂತರ, ಹೊರದೇಶದ ಉನ್ನತ ಶಿಕ್ಷಣಕ್ಕೂ ಈ ಮಾನ್ಯತೆ ಅನುಕೂಲವಾಗಿದೆ.

2. ಪ್ರಯೋಗಾಲಯ: ಲೇತುಗಳ ಮೇಲೆ ಧೂಳಿದೆಯೋ, ಹೊಸ ಲೋಹದ ಚೂರುಗಳಿವೆಯೋ? ಕತ್ತರಿಸಿ ಪ್ರದರ್ಶನಕ್ಕಿಟ್ಟ ಹಳೆಯ ಎಂಜಿನ್ ಮಾತ್ರ ಇದೆಯೋ, ಓಡುವ ಎಂಜಿನ್ನಿನ ಶಕ್ತಿಯನ್ನೂ ಹೊಗೆಯನ್ನೂ ಅಳೆಯುವ ಸಾಧನ ಇದೆಯೋ? ವಿದ್ಯುತ್ ವಾಹನದ ಮೋಟಾರು, ಬ್ಯಾಟರಿಗಳನ್ನು ವಿದ್ಯಾರ್ಥಿಗಳು ಕೈಯಾರೆ ಬಿಚ್ಚಿ ಜೋಡಿಸುತ್ತಾರೋ? ಒಂದು ಯಂತ್ರಕ್ಕೆ ಎಷ್ಟು ವಿದ್ಯಾರ್ಥಿಗಳು?

3. ಅಧ್ಯಾಪಕರು: ವಿಭಾಗದಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಇರುವವರು ಎಷ್ಟು ಮಂದಿ? ಕಾರ್ಖಾನೆಯ ಅನುಭವ ಉಳ್ಳವರು ಇದ್ದಾರೆಯೇ? ಪ್ರತಿ ವರ್ಷ ಅಧ್ಯಾಪಕರು ಬದಲಾಗುವ ವಿಭಾಗದಲ್ಲಿ ಪಾಠದ ಮುಂದುವರಿಕೆ ಇರುವುದಿಲ್ಲ.

4. ವಿದ್ಯಾರ್ಥಿಗಳ ವಾಹನ: ಎಸ್.ಎ.ಇ. ಇಂಡಿಯಾ ಸಂಸ್ಥೆ 2007ರಿಂದ 'ಬಾಹಾ', 2011ರಿಂದ 'ಸುಪ್ರಾ' ಎಂಬ ಸ್ಪರ್ಧೆಗಳನ್ನು ನಡೆಸುತ್ತ ಬಂದಿದೆ. ವಿದ್ಯಾರ್ಥಿಗಳೇ ವಾಹನವನ್ನು ವಿನ್ಯಾಸಗೊಳಿಸಿ, ಕಟ್ಟಿ, ಓಡಿಸಬೇಕು. ಬೆಂಗಳೂರಿನ ಆರ್.ವಿ. ಕಾಲೇಜಿನ 'ಅಶ್ವ' ತಂಡದ ಹೆಸರು ಈ ಬಗೆಯ ಸ್ಪರ್ಧೆಗಳಲ್ಲಿ ಪರಿಚಿತ. ತಂಡ ಗೆದ್ದಿತೇ ಎಂಬುದಕ್ಕಿಂತ, ತಂಡವೊಂದು ಇದೆಯೇ, ಎರಡನೆಯ ವರ್ಷದ ವಿದ್ಯಾರ್ಥಿಗೂ ಅದರಲ್ಲಿ ಕೆಲಸ ಸಿಗುತ್ತದೆಯೇ ಎಂಬುದನ್ನು ಕೇಳಬೇಕು.

5. ಉದ್ಯೋಗದ ಲೆಕ್ಕ: ಗೋಡೆಯ ಮೇಲಿನ ಫಲಕ ಅತಿ ಹೆಚ್ಚಿನ ಸಂಬಳವನ್ನು ಮಾತ್ರ ತೋರಿಸುತ್ತದೆ. ಆ ಶಾಖೆಯಲ್ಲಿ ಸೇರಿದವರೆಷ್ಟು, ನಿಗದಿತ ಅವಧಿಯಲ್ಲಿ ತೇರ್ಗಡೆಯಾದವರೆಷ್ಟು, ಇಂಜಿನಿಯರಿಂಗ್ ಕೆಲಸಕ್ಕೇ ಹೋದವರೆಷ್ಟು, ಮಧ್ಯದ ವಿದ್ಯಾರ್ಥಿಯ ಸಂಬಳವೆಷ್ಟು ಎಂಬ ನಾಲ್ಕು ಸಂಖ್ಯೆಗಳನ್ನು ಲಿಖಿತವಾಗಿ ಕೇಳಬೇಕು. ವ್ಯಾಪಾರಿಗೆ ಒಟ್ಟು ವಹಿವಾಟು ಬೇರೆ, ನಿವ್ವಳ ಲಾಭ ಬೇರೆ ಎಂಬುದು ತಿಳಿದ ವಿಷಯವೇ.

6. ಹಳೆಯ ವಿದ್ಯಾರ್ಥಿಗಳು: ಎರಡು ಮೂರು ವರ್ಷಗಳ ಹಿಂದೆ ಓದು ಮುಗಿಸಿದ ಸಾಮಾನ್ಯ ದರ್ಜೆಯ ಇಬ್ಬರೊಡನೆ ಮಾತನಾಡಬೇಕು. ಮೊದಲ ಸ್ಥಾನ ಪಡೆದವರು ಯಾವ ಕಾಲೇಜಿನಲ್ಲಿದ್ದರೂ ಮುಂದೆ ಬರುತ್ತಾರೆ. ಕಾಲೇಜಿನ ಯೋಗ್ಯತೆ ತಿಳಿಯುವುದು ನಡುವಿನ ಸಾಲಿನವರಿಂದ.

ಹಣದ ಲೆಕ್ಕ

ಉದಾಹರಣೆಗೆ, ಸಿ.ಇ.ಟಿ. ಸೀಟು ಪಡೆದು ಸಮೀಪದ ಕಾಲೇಜಿನಲ್ಲಿ ಓದಲು ಒಬ್ಬ ವಿದ್ಯಾರ್ಥಿಗೆ 4 ಲಕ್ಷ ರೂಪಾಯಿ ಸಾಲ, ದೂರದ ಖಾಸಗಿ ವಿಶ್ವವಿದ್ಯಾಲಯದಲ್ಲಿ ಓದಲು ಇನ್ನೊಬ್ಬನಿಗೆ 10 ಲಕ್ಷ ರೂಪಾಯಿ ಸಾಲ ಬೇಕಾಯಿತು ಎಂದಿಟ್ಟುಕೊಳ್ಳಬಹುದು. ಶೇ. 10ರ ಬಡ್ಡಿಯಲ್ಲಿ ಏಳು ವರ್ಷಗಳಲ್ಲಿ ತೀರಿಸುವುದಾದರೆ ಮೊದಲನೆಯವನ ಮಾಸಿಕ ಕಂತು ಸುಮಾರು 6,640 ರೂಪಾಯಿ, ಎರಡನೆಯವನದು ಸುಮಾರು 16,600 ರೂಪಾಯಿ. ಓದಿನ ಅವಧಿಯ ಬಡ್ಡಿ ಅಸಲಿಗೆ ಸೇರಿದರೆ ಕಂತು ಇನ್ನೂ ಏರುತ್ತದೆ.

ಮೊದಲ ಉದ್ಯೋಗದ ಸಂಬಳದ ಅರ್ಧಭಾಗ ಕಂತಿಗೇ ಹೋಗುವಂತಾದರೆ, ಕಲಿಕೆ ಹೆಚ್ಚು, ಸಂಬಳ ಕಡಿಮೆ ಇರುವ ಒಳ್ಳೆಯ ಕೆಲಸವನ್ನು ಆ ಯುವಕ ಒಪ್ಪಿಕೊಳ್ಳಲಾರ. ಸಾಲ ತೀರಿಸುವ ಅವಸರದಲ್ಲಿ ಬೇರೆ ಕ್ಷೇತ್ರಕ್ಕೆ ಹೋಗುತ್ತಾನೆ. ವಾಹನ ತಂತ್ರಜ್ಞಾನಕ್ಕೆಂದು ಖರ್ಚು ಮಾಡಿದ ಹಣದ ಉದ್ದೇಶವೇ ತಪ್ಪಿಹೋಗುತ್ತದೆ. ಎರಡು ಕಾಲೇಜುಗಳ ನಡುವಿನ ಶುಲ್ಕದ ಅಂತರಕ್ಕೆ ತಕ್ಕಷ್ಟು ಪ್ರಯೋಗಾಲಯ, ಅಧ್ಯಾಪಕರು, ಉದ್ಯೋಗಾವಕಾಶಗಳ ಅಂತರವಿದ್ದರೆ ಮಾತ್ರ ಹೆಚ್ಚಿನ ಸಾಲ ನ್ಯಾಯಯುತ.

ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಅನುಮೋದಿಸಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಡಿ, ಆಯ್ದ ಸಂಸ್ಥೆಗಳಲ್ಲಿ ಅರ್ಹತೆಯ ಆಧಾರದ ಮೇಲೆ ಸೀಟು ಪಡೆದವರಿಗೆ ಜಾಮೀನು, ಅಡಮಾನಗಳಿಲ್ಲದೆ ಸಾಲ ದೊರೆಯುತ್ತದೆ. ವಾರ್ಷಿಕ 8 ಲಕ್ಷ ರೂಪಾಯಿವರೆಗಿನ ವರಮಾನದ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಶೇ. 3ರ ಬಡ್ಡಿ ರಿಯಾಯಿತಿಗೂ ಅವಕಾಶವಿದೆ. ಬಯಸಿದ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಪ್ರವೇಶಕ್ಕೆ ಮೊದಲೇ ನೋಡಿಕೊಳ್ಳುವುದು ಒಳಿತು.

ಹೊರದೇಶದ ಓದು

ಪದವಿಗಾಗಿ ಹೊರದೇಶಕ್ಕೆ ಹೋಗುವುದಕ್ಕಿಂತ, ಇಲ್ಲಿ ಬಿ.ಇ. ಮುಗಿಸಿ, ಸಾಧ್ಯವಾದರೆ ಎರಡು ವರ್ಷ ಕೆಲಸ ಮಾಡಿ, ಸ್ನಾತಕೋತ್ತರಕ್ಕೆ ಹೋಗುವುದು ವಿವೇಕದ ಕ್ರಮ. ವಾಹನೋದ್ಯಮದ ತವರಾದ ಜರ್ಮನಿಯಲ್ಲಿ ಅನೇಕ ಸರ್ಕಾರಿ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕ ಪಡೆಯುವುದಿಲ್ಲ. ಆದರೆ ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ವಿಧಿಸಿದೆ. ಶುಲ್ಕವಿಲ್ಲದ ಕಡೆಯೂ ಜೀವನ ವೆಚ್ಚಕ್ಕೆ ಹಣವಿದೆಯೆಂದು ವೀಸಾಕ್ಕೆ ಮೊದಲು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು ವರ್ಷಕ್ಕೆ 11,904 ಯೂರೋಗೆ ಏರಿಸಲಾಯಿತು. ದೇಶದೊಳಗೇ ಉನ್ನತ ಶಿಕ್ಷಣ ಬಯಸುವವರಿಗೆ ಗೇಟ್ ಪರೀಕ್ಷೆಯ ಮೂಲಕ ಐ.ಐ.ಟಿ.ಗಳ ಎಂ.ಟೆಕ್. ಇದೆ, 1966ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಎ.ಆರ್.ಎ.ಐ. ಸಂಸ್ಥೆ ವಾಹನ ಪರೀಕ್ಷೆಯ ಜೊತೆಗೆ ಶಿಕ್ಷಣ ಕಾರ್ಯಕ್ರಮಗಳನ್ನೂ ನಡೆಸುತ್ತದೆ.

ಉದ್ಯಮಿಗಳ ಪಾತ್ರ

ಕಾಲೇಜುಗಳಲ್ಲಿ ಕೈಕೆಲಸ ಕಡಿಮೆಯೆಂದು ದೂರುವ ಉದ್ಯಮಿಗಳು ತಾವೇ ಮಾಡಬಹುದಾದ ಕೆಲಸವೂ ಒಂದಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಹೊಸಪೇಟೆಯ ಗ್ಯಾರೇಜು, ಕಂಪ್ಲಿಯ ಟ್ರ್ಯಾಕ್ಟರ್ ವರ್ಕ್‌ಶಾಪು, ಸಂಡೂರಿನ ಗಣಿಯಂತ್ರ ದುರಸ್ತಿ ಘಟಕ ಇವು ವರ್ಷಕ್ಕೆ ಇಬ್ಬರು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದರೂ ದೊಡ್ಡ ಉಪಕಾರವಾಗುತ್ತದೆ. 1961ರ ಅಪ್ರೆಂಟಿಸ್ ಕಾಯಿದೆಯಡಿಯ ನಿಯಮಗಳಂತೆ 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ನೌಕರರಿರುವ ಸಣ್ಣ ಘಟಕಗಳಿಗೆ ಅದು ಐಚ್ಛಿಕ. ಸ್ಕ್ಯಾನರ್ ಓದಬಲ್ಲ ವಿದ್ಯಾರ್ಥಿಯೂ, ಸದ್ದು ಕೇಳಿ ದೋಷ ಹೇಳಬಲ್ಲ ಹಿರಿಯ ಮೆಕ್ಯಾನಿಕ್ಕೂ ಒಂದೇ ಲಾರಿಯ ಮುಂದೆ ನಿಂತರೆ ಇಬ್ಬರೂ ಕಲಿಯುತ್ತಾರೆ, ಘಟಕವೂ ಬಿ.ಎಸ್.-6ರ ಕಾಲಕ್ಕೆ ಹೊಂದಿಕೊಳ್ಳುತ್ತದೆ.

ಒಟ್ಟಿನಲ್ಲಿ, ವಿಶಾಲವಾದ ತಳಹದಿಯ ಶಾಖೆ, ಯಂತ್ರಗಳು ನಿಜವಾಗಿ ಓಡುವ ವರ್ಕ್‌ಶಾಪು, ಮೊದಲ ಸಂಬಳದಿಂದ ಹೊರಬಹುದಾದ ಸಾಲ ಈ ಮೂರೂ ಕೂಡಿದ ಕಾಲೇಜೇ ಆಯಾ ವಿದ್ಯಾರ್ಥಿಗೆ ಉತ್ತಮ ಕಾಲೇಜು. ಅದು ಬೆಂಗಳೂರಿನಲ್ಲಿರಬಹುದು, ಹಾಸನದಲ್ಲಿರಬಹುದು, ಟಿ.ಬಿ. ಡ್ಯಾಂನ ಸಮೀಪದಲ್ಲಿಯೇ ಇರಬಹುದು. ಪ್ರವೇಶದ ಕೊನೆಯ ದಿನಾಂಕಕ್ಕೆ ಒಂದು ತಿಂಗಳು ಮೊದಲೇ ಅಪ್ಪನೂ ಮಗನೂ, ಅಥವಾ ತಾಯಿಯೂ ಮಗಳೂ, ಮೇಲಿನ ಆರು ಅಂಶಗಳನ್ನು ಕಾಗದದ ಮೇಲೆ ಬರೆದುಕೊಂಡು ಎರಡು ಮೂರು ಕಾಲೇಜುಗಳ ವರ್ಕ್‌ಶಾಪುಗಳನ್ನು ನೋಡಿ ಬಂದರೆ, ಮುಂಗಡ ಹಣ ಕಟ್ಟುವ ಕೈ ತಡವರಿಸಬೇಕಾಗಿಲ್ಲ.